ಕಪ್ಪಿನಲ್ಲಿ ಕರಗುವ ನೀಲಿ

ವಿಂಡೋಸ್ ಕಂಪ್ಯೂಟರಿನೊಳಗೇ ಲಿನಕ್ಸ್ ಓಡಿಸುವ ಸೌಲಭ್ಯವನ್ನು ಹೊಸದಾಗಿ ಹಾಕಿಕೊಂಡವರು ಮೊದಲ ದಿನವೇ ಒಂದು ಕೆಲಸ ಮಾಡುತ್ತಾರೆ. ಸಿ ಡ್ರೈವಿಗೆ ಹೋಗಿ ‘ಎಲ್‌ಎಸ್’ ಎಂದು ಒತ್ತುತ್ತಾರೆ. ಅಲ್ಲಿ ಏನೇನಿದೆ ಹೇಳು ಎಂಬ ಆಜ್ಞೆ ಅದು. ಪಟ್ಟಿ ಥಟ್ಟನೆ ಬರುತ್ತದೆ, ಆದರೆ ಓದಲು ಆಗುವುದಿಲ್ಲ. ಫೋಲ್ಡರುಗಳ ಹೆಸರೆಲ್ಲ ಹಸಿರು ಬಳಿದ ಪಟ್ಟಿಗಳ ಮೇಲೆ ನೀಲಿ ಅಕ್ಷರಗಳಲ್ಲಿ ಕುಳಿತಿರುತ್ತವೆ. ಕಣ್ಣು ಕಿರಿದು ಮಾಡಿ, ಮುಖ ತೆರೆಯ ಹತ್ತಿರ ಒಯ್ದು, ಕೊನೆಗೆ ಮೌಸಿನಿಂದ ಆ ಸಾಲನ್ನು ಆಯ್ದು ಬಣ್ಣ ತಿರುವುಮುರುವು ಮಾಡಿಕೊಂಡು ಓದಿದವರೂ ಇದ್ದಾರೆ.

ಇದು ಯಾವ ದೋಷವೂ ಅಲ್ಲ. ಯಾರು ಬೇಕಾದರೂ ಬರೆಯಬಹುದಾದ, ಅಂದರೆ ಬಾಗಿಲು ಹಾರು ಹೊಡೆದಿರುವ ಫೋಲ್ಡರು ಕಂಡರೆ ಬಳಕೆದಾರರನ್ನು ಎಚ್ಚರಿಸಲೆಂದು ಲಿನಕ್ಸಿನ ‘ಎಲ್‌ಎಸ್’ ಹಸಿರಿನ ಮೇಲೆ ನೀಲಿ ಬಳಸುತ್ತದೆ. ವಿಂಡೋಸ್ ಡ್ರೈವಿನ ಫೋಲ್ಡರುಗಳು ಲಿನಕ್ಸಿನ ಕಣ್ಣಿಗೆ ಎಲ್ಲರಿಗೂ ತೆರೆದಂತೆಯೇ ಕಾಣುವುದರಿಂದ ಅಷ್ಟಕ್ಕೂ ಎಚ್ಚರಿಕೆಯ ಬಣ್ಣ ಬೀಳುತ್ತದೆ. ಗಮನ ಸೆಳೆಯಲೆಂದು ಬಳಿದ ಬಣ್ಣ ಹೆಸರನ್ನೇ ನುಂಗಿಬಿಟ್ಟಿದೆ.

ಹಾಗಾದರೆ ಈ ನೀಲಿಯನ್ನು ಆರಿಸಿದವರು ಯಾರು? ‘ಎಲ್‌ಎಸ್’ ಬರೆದವರಂತೂ ಅಲ್ಲ. ಅವರು ನೀಲಿ ಎಂದು ಹೇಳಲೇ ಇಲ್ಲ, 34 ಎಂದರು. ಹಸಿರು ಎನ್ನಲಿಲ್ಲ, 42 ಎಂದರು. 34 ಎಂದರೆ ಯಾವ ನೀಲಿ, 42 ಎಂದರೆ ಎಂಥ ಹಸಿರು ಎಂಬುದನ್ನು ತೀರ್ಮಾನಿಸುವುದು ಟರ್ಮಿನಲ್ ಎಂಬ ಇನ್ನೊಂದು ತಂತ್ರಾಂಶ. ಅದನ್ನು ಬರೆದವರು ಬೇರೆ, ಅದರ ಬಣ್ಣ ಬದಲಿಸಿಕೊಂಡು ಕುಳಿತ ಬಳಕೆದಾರರು ಮತ್ತೂ ಬೇರೆ. ಅಂಗಡಿಯವನಿಗೆ ಚೀಟಿಯಲ್ಲಿ ‘ಹಸಿರು ಸೀರೆ ಒಂದು’ ಎಂದಷ್ಟೇ ಬರೆದು ಕಳಿಸಿದ ಹಾಗೆ. ಬರುವುದು ಗಿಳಿಹಸಿರೋ ಪಾಚಿಹಸಿರೋ ಚೀಟಿ ಬರೆದವರಿಗೆ ಗೊತ್ತಿರುವುದಿಲ್ಲ.

ಕಿಟಕಿ, ಗುಂಡಿ, ಚಿತ್ರಗಳಿಲ್ಲದೆ ಬರೀ ಅಕ್ಷರಗಳಲ್ಲೇ ವ್ಯವಹರಿಸುವ ಇಂಥ ಪ್ರೋಗ್ರಾಮುಗಳು ಹಳೆಯ ಕಾಲಕ್ಕೆ ಸೇರಿದವು ಎಂದುಕೊಳ್ಳುವಂತಿಲ್ಲ. ಬೆಂಗಳೂರಿನ ಸಾಫ್ಟ್‌ವೇರ್ ಕಚೇರಿಗಳಲ್ಲಿ ದೂರದ ಸರ್ವರಿಗೆ ಲಾಗಿನ್ ಆಗಿ ಕೆಲಸ ಮಾಡುವವರ ದಿನದ ಅರ್ಧ ಇವತ್ತಿಗೂ ಕಪ್ಪು ಕಿಟಕಿಯ ಮುಂದೆಯೇ ಕಳೆಯುತ್ತದೆ. ದಿನಕ್ಕೆ ಆರೇಳು ಗಂಟೆ ಓದುವ ಪುಸ್ತಕವೊಂದನ್ನು ಯಾರಾದರೂ ಕಪ್ಪು ಹಾಳೆಯ ಮೇಲೆ ಕಡುನೀಲಿ ಶಾಯಿಯಲ್ಲಿ ಅಚ್ಚು ಹಾಕಿದ್ದರೆ ಮುದ್ರಕನನ್ನು ಬೈಯದೆ ಬಿಡುತ್ತಿರಲಿಲ್ಲ. ಇಲ್ಲಿ ಬೈಗುಳ ಯಾರಿಗೆ ಸಲ್ಲಬೇಕು ಎಂಬುದೇ ಸ್ಪಷ್ಟವಿಲ್ಲ.

ಮೊದಮೊದಲು ಬಣ್ಣದ ಜಗಳವೇ ಇರಲಿಲ್ಲ. 1978ರಲ್ಲಿ ಅಮೆರಿಕದ ಡಿಇಸಿ ಕಂಪನಿ ತಂದ ವಿಟಿ100 ಎಂಬ ಟರ್ಮಿನಲ್ ಯಂತ್ರ ಇವತ್ತಿನ ಎಲ್ಲ ಟರ್ಮಿನಲ್ ತಂತ್ರಾಂಶಗಳ ಮೂಲಪುರುಷ. ಸಾಲಿಗೆ 80 ಅಕ್ಷರ, ತೆರೆಗೆ 24 ಸಾಲು, ಬಣ್ಣ ಮಾತ್ರ ಒಂದೇ. ಗಾಜಿನ ಒಳಮೈಗೆ ಬಳಿದ ರಂಜಕ ಯಾವ ಬಣ್ಣದಲ್ಲಿ ಬೆಳಗುತ್ತದೋ ಅದೇ ಅಕ್ಷರದ ಬಣ್ಣ. ಕೆಲವು ಯಂತ್ರಗಳಲ್ಲಿ ಬಿಳಿ, ಕೆಲವುಗಳಲ್ಲಿ ಹಸಿರು, ಇನ್ನು ಕೆಲವುಗಳಲ್ಲಿ ಅರಿಸಿನ ಕೇಸರಿ ಬೆರೆಸಿದಂಥ ಅಂಬರ್. 1981ರ ಐಬಿಎಂ ಪಿಸಿಯ ಜೊತೆ ಬಂದ 5151 ಮಾನಿಟರ್ ಹಸಿರಿನದು. ಸಿನಿಮಾದವರು ಇವತ್ತಿಗೂ ‘ಹ್ಯಾಕರ್’ ಎಂದೊಡನೆ ಹಸಿರು ಅಕ್ಷರ ಸುರಿಸುವುದು ಆ ಕಾಲದ ಋಣ. ಬಣ್ಣವಿಲ್ಲದಿದ್ದರೂ ವಿಟಿ100ರಲ್ಲಿ ಇಡೀ ತೆರೆಯನ್ನು ಬೆಳಕಿನ ಹಿನ್ನೆಲೆಗೆ ತಿರುಗಿಸಿ ಕಪ್ಪು ಅಕ್ಷರದಲ್ಲಿ ಓದುವ ಅನುಕೂಲವಿತ್ತು ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ. ಡಾರ್ಕ್ ಮೋಡೋ ಲೈಟ್ ಮೋಡೋ ಎಂಬ ಇಂದಿನ ವಾದಕ್ಕೆ ನಾಲ್ಕೂವರೆ ದಶಕದ ಹಿಂದೆಯೇ ಒಂದು ಸ್ವಿಚ್ ಇತ್ತು.

ಬಣ್ಣದ ಸಂಖ್ಯೆಗಳು ಹುಟ್ಟಿದ್ದು ಕಾಗದದ ಮೇಲೆ. 1970ರ ದಶಕದಲ್ಲಿ ರೂಪುಗೊಂಡ ಇಸಿಎಂಎ-48 ಎಂಬ ಮಾನಕ 30ರಿಂದ 37ರವರೆಗಿನ ಸಂಖ್ಯೆಗಳನ್ನು ಅಕ್ಷರದ ಬಣ್ಣಕ್ಕೂ, 40ರಿಂದ 47ರವರೆಗಿನದನ್ನು ಹಿನ್ನೆಲೆಗೂ ಮೀಸಲಿಟ್ಟಿತು. ಕೆಂಪಿಗೆ 1, ಹಸಿರಿಗೆ 2, ನೀಲಿಗೆ 4. ಬೆಳಕಿನಲ್ಲಿ ಕೆಂಪು ಹಸಿರು ಕೂಡಿದರೆ ಹಳದಿ, ಆದ್ದರಿಂದ ಹಳದಿ 3. ಹಸಿರು ನೀಲಿ ಕೂಡಿದ ಸಯಾನ್ 6. ಏನೂ ಇಲ್ಲದ್ದು ಕಪ್ಪು, 0. ಎಲ್ಲ ಸೇರಿದ್ದು ಬಿಳಿ, 7. ಮಗ್ಗಿಯಷ್ಟು ಚೊಕ್ಕ. ಆದರೆ ಆ ಮಾನಕ ಹೇಳಿದ್ದು ಹೆಸರನ್ನು ಮಾತ್ರ. ಎಷ್ಟು ಕೆಂಪು, ಎಂಥ ನೀಲಿ ಎಂಬುದರ ಬಗ್ಗೆ ಅದು ಮೌನ. ಆ ಮೌನದಲ್ಲಿ ಪ್ರತಿಯೊಬ್ಬ ತಯಾರಕನೂ ತನಗೆ ತೋಚಿದ್ದನ್ನು ಬರೆದ.

ಐಬಿಎಂ ಕಂದುಬಣ್ಣದ ಕಥೆಯನ್ನೇ ನೋಡಿ. 1981ರ ಸಿಜಿಎ ಕಾರ್ಡು ಕೆಂಪು, ಹಸಿರು, ನೀಲಿ, ಜೊತೆಗೆ ‘ಹೊಳಪು’ ಎಂಬ ನಾಲ್ಕು ತಂತಿಗಳಲ್ಲಿ 16 ಬಣ್ಣ ಕೊಡುತ್ತಿತ್ತು. ಲೆಕ್ಕದ ಪ್ರಕಾರ ಹೊಳಪಿಲ್ಲದ ಹಳದಿ ಎಂದರೆ ಬಾಡಿದ ಎಲೆಯಂಥ ಮಂಕು ಬಣ್ಣ. 1983ರಲ್ಲಿ ಬಂದ ಐಬಿಎಂ 5153 ಮಾನಿಟರಿನ ಒಳಗೆ ಈ ಒಂದೇ ಬಣ್ಣಕ್ಕಾಗಿ ಪ್ರತ್ಯೇಕ ಸರ್ಕ್ಯೂಟ್ ಇಟ್ಟಿದ್ದರು. ಆ ಸಂಕೇತ ಬಂದೊಡನೆ ಅದು ಹಸಿರಿನ ಪಾಲನ್ನು ಅರ್ಧಕ್ಕೆ ಇಳಿಸಿ ಹಳದಿಯನ್ನು ಕಂದು ಮಾಡಿಬಿಡುತ್ತಿತ್ತು. ಮುಂದೆ ವಿಜಿಎ ಎಂಬ ಹೊಸ ಕಾರ್ಡಿನ ಕಾಲದಲ್ಲೂ ಆ ಕಂದು ಉಳಿಯಿತು. ಲಿನಕ್ಸಿನ ಮೂಲ ಕನ್ಸೋಲಿನಲ್ಲಿ ‘ಹಳದಿ ಕೊಡು’ ಎಂದು 33 ಕಳಿಸಿದರೆ ಇಂದಿಗೂ ಬರುವುದು ಕಾಫಿ ಕಲೆಯ ಬಣ್ಣ. ‘ಎಚ್ಚರಿಕೆ’ ಎಂಬ ಸಂದೇಶವನ್ನು ಹಳದಿಯಲ್ಲಿ ತೋರಿಸುತ್ತಿದ್ದೇನೆ ಎಂದು ನಂಬಿದ ಪ್ರೋಗ್ರಾಮರಿಗೆ ಇದು ತಿಳಿಯುವುದೇ ಇಲ್ಲ.

ಇನ್ನೊಂದು ಉದಾಹರಣೆ ಇದಕ್ಕಿಂತ ತಮಾಷೆಯದು. ಮೈಕ್ರೋಸಾಫ್ಟಿನ ಪವರ್‌ಶೆಲ್ ಕಿಟಕಿಯ ಗುರುತೇ ಅದರ ಕಡುನೀಲಿ ಹಿನ್ನೆಲೆ. 16 ಬಣ್ಣಗಳ ಹಳೆಯ ಪಟ್ಟಿಯಲ್ಲಿ ಆ ನೀಲಿಗೆ ಜಾಗವಿರಲಿಲ್ಲ. ಹಾಗಾಗಿ ಗಾಢ ಮಜೆಂಟಾದ ಖಾನೆಯನ್ನು ಖಾಲಿ ಮಾಡಿಸಿ, ಅಲ್ಲಿ ನೀಲಿಯನ್ನು ಕೂರಿಸಿದರು. ಗಾಢ ಹಳದಿಯ ಖಾನೆಯಲ್ಲಿ ತಿಳಿಬಿಳಿ ಬಂದು ಕುಳಿತಿತು. ಪರಿಣಾಮ ಊಹಿಸಬಹುದು. ಯಾವುದಾದರೂ ಪ್ರೋಗ್ರಾಮು ಅಪ್ಪಿತಪ್ಪಿ ಗಾಢ ಮಜೆಂಟಾದಲ್ಲಿ ಒಂದು ಸಾಲು ಬರೆದರೆ ಆ ಸಾಲು ಹಿನ್ನೆಲೆಯ ಬಣ್ಣದಲ್ಲೇ ಬರೆದಂತಾಗಿ ಪೂರ್ತಿ ಮಾಯ.

ನೀಲಿಗೆ ಮರಳೋಣ. ಈ ಇಡೀ ಸಂಸಾರದಲ್ಲಿ ಹೆಚ್ಚು ದೂರು ಹೊತ್ತಿರುವ ಬಣ್ಣ ಅದು, ಮತ್ತು ದೂರಿಗೆ ಕಾರಣ ಅರ್ಧ ಯಂತ್ರದಲ್ಲಿದ್ದರೆ ಅರ್ಧ ಕಣ್ಣಿನಲ್ಲಿದೆ. ನಮ್ಮ ಅಕ್ಷಿಪಟಲದ ಶಂಕುಕೋಶಗಳಲ್ಲಿ ನೀಲಿಗೆ ಸ್ಪಂದಿಸುವವು ಶೇ 10ಕ್ಕೂ ಕಡಿಮೆ. ಅಕ್ಷರದ ಮೇಲೆ ದೃಷ್ಟಿ ನೆಟ್ಟಾಗ ಬಳಕೆಯಾಗುವ ನಟ್ಟನಡುವಿನ ಚುಕ್ಕೆಯಷ್ಟು ಜಾಗದಲ್ಲಂತೂ ಅವು ಇಲ್ಲವೇ ಇಲ್ಲ. ಸಾಲದ್ದಕ್ಕೆ, ಕಣ್ಣಿನ ಮಸೂರ ಎಲ್ಲ ಬಣ್ಣಗಳನ್ನೂ ಒಂದೇ ದೂರದಲ್ಲಿ ಕೇಂದ್ರೀಕರಿಸಲಾರದು. ಕೆಂಪು ಹಸಿರುಗಳು ಸ್ಪಷ್ಟವಾಗಿ ಮೂಡಿರುವಾಗ ನೀಲಿ ಅಕ್ಷಿಪಟಲಕ್ಕಿಂತ ಮುಂದೆಯೇ ಕೂಡಿಕೊಂಡು ಮಸುಕಾಗುತ್ತದೆ. ವಯಸ್ಸಾದಂತೆ ಮಸೂರ ಹಳದಿಗಟ್ಟಿ ಒಳಬರುವ ನೀಲಿ ಬೆಳಕನ್ನು ಇನ್ನಷ್ಟು ಸೋಸುತ್ತದೆ. ನೀಲಿ ಅಕ್ಷರ ಇಪ್ಪತ್ತರ ಹುಡುಗನಿಗೆ ಕಂಡಂತೆ ಐವತ್ತೈದರ ಅವನ ಮೇಲಧಿಕಾರಿಗೆ ಕಾಣುವುದಿಲ್ಲ.

ಈ ಸಂಗತಿ ಅಂಕಿಯಲ್ಲೂ ಸಿಗುತ್ತದೆ. ತೆರೆಯ ಒಂದು ಬಣ್ಣ ಕಣ್ಣಿಗೆ ಎಷ್ಟು ಬೆಳಕಾಗಿ ಕಾಣುತ್ತದೆ ಎಂದು ಲೆಕ್ಕ ಹಾಕುವಾಗ ಹಸಿರಿಗೆ ಶೇ 71.52, ಕೆಂಪಿಗೆ ಶೇ 21.26 ತೂಕ ಕೊಟ್ಟರೆ ನೀಲಿಗೆ ಸಿಗುವುದು ಶೇ 7.22 ಮಾತ್ರ. ಅಕ್ಷರ ಮತ್ತು ಹಿನ್ನೆಲೆಗಳ ಬೆಳಕಿನ ಅನುಪಾತವನ್ನೇ ಕಾಂಟ್ರಾಸ್ಟ್ ಎನ್ನುವುದು. ಎರಡೂ ಒಂದೇ ಆಗಿದ್ದರೆ ಅದು 1, ಅಚ್ಚ ಬಿಳಿಯ ಮೇಲೆ ಅಚ್ಚ ಕಪ್ಪಿದ್ದರೆ 21. ಜಾಲತಾಣಗಳು ಎಲ್ಲರಿಗೂ ಓದಲು ಸಿಗುವಂತಿರಲಿ ಎಂದು ಡಬ್ಲ್ಯು3ಸಿ ಸಂಸ್ಥೆ 2008ರಲ್ಲಿ ಹೊರಡಿಸಿದ ಸೂಚಿಯ ಪ್ರಕಾರ ಮಾಮೂಲಿ ಗಾತ್ರದ ಅಕ್ಷರಕ್ಕೆ ಕನಿಷ್ಠ 4.5 ಬೇಕು, ಉತ್ತಮ ಎನಿಸಬೇಕಾದರೆ 7. ಅದೇ ಅಳತೆಗೋಲನ್ನು ಟರ್ಮಿನಲ್ಲಿಗೆ ಹಿಡಿದರೆ ವಿಂಡೋಸಿನ ಹಳೆಯ ಕನ್ಸೋಲಿನಲ್ಲಿ ಕಪ್ಪಿನ ಮೇಲಿನ ಗಾಢ ನೀಲಿಗೆ ಬರುವ ಅಂಕ 1.3. ವಿಜಿಎ ನೀಲಿಗೆ ಸುಮಾರು 1.6. ಎಕ್ಸ್‌ಟರ್ಮ್ ಎಂಬ ಟರ್ಮಿನಲ್ ತಂತ್ರಾಂಶದ ನೀಲಿಗೆ 2.2. ತೆರೆ ಕೊಡಬಲ್ಲ ಅತಿ ತೀವ್ರವಾದ ಶುದ್ಧ ನೀಲಿಯೂ 2.4ನ್ನು ದಾಟುವುದಿಲ್ಲ. ಈ ಸೂತ್ರಕ್ಕೂ ಕುಂದುಗಳಿವೆ, ಕತ್ತಲ ಹಿನ್ನೆಲೆಯಲ್ಲಿ ಅದು ಅಂಕ ಕೊಡುವುದರಲ್ಲಿ ತುಸು ಧಾರಾಳಿ. ಹಾಗಿದ್ದೂ ನೀಲಿ ನಪಾಸು.

ಕಾಂಟ್ರಾಸ್ಟ್ ಎಂಬ ಮಾತು ಕನ್ನಡದ ಮನೆಗಳಿಗೆ ಹೊಸದಲ್ಲ. ಹಸಿರು ಸೀರೆಗೆ ಕೆಂಪು ಅಂಚು, ಅದಕ್ಕೊಪ್ಪುವ ಕಾಂಟ್ರಾಸ್ಟ್ ರವಿಕೆ ಎಂದು ಅಂಗಡಿಯಲ್ಲಿ ಗಂಟೆಗಟ್ಟಲೆ ಕೂರುವವರಿಗೆ ಅದು ಚೆನ್ನಾಗಿ ಗೊತ್ತು. ಎಡವುವುದೂ ಇಲ್ಲೇ. ಸೀರೆಯ ಕಾಂಟ್ರಾಸ್ಟ್ ಬಣ್ಣ ಬಣ್ಣಗಳ ನಡುವಿನ ಭೇದ, ಓದಿನ ಕಾಂಟ್ರಾಸ್ಟ್ ಬೆಳಕು ಕತ್ತಲೆಗಳ ನಡುವಿನ ಭೇದ. ಕೆಂಪು ಹಸಿರು ಸೀರೆಯಲ್ಲಿ ಹಬ್ಬದ ಕಳೆ. ಅದೇ ವಿಜಿಎ ಹಸಿರಿನ ಮೇಲೆ ವಿಜಿಎ ಕೆಂಪಿನಲ್ಲಿ ಒಂದು ವಾಕ್ಯ ಬರೆದರೆ ಅಂಕ 2.5. ಬಣ್ಣದ ಭೇದ ಕಣ್ಣಿಗೆ ಹೊಡೆದಷ್ಟೂ ಅಕ್ಷರ ಚೆನ್ನಾಗಿ ಕಾಣುತ್ತದೆ ಎಂದು ನಂಬಿ ಥೀಮ್, ಅಂದರೆ ಬಣ್ಣಗಳ ಕಟ್ಟು, ರೂಪಿಸಿದವರು ಅನೇಕರು. ಪ್ರೋಗ್ರಾಮರುಗಳು ಅಂಥ ಥೀಮಿಗೆ ‘ರೊಚ್ಚಿಗೆದ್ದ ಫ್ರೂಟ್ ಸಲಾಡ್’ ಎಂಬರ್ಥದ ಹೆಸರಿಟ್ಟಿದ್ದಾರೆ. ಇಲ್ಲಿಯವರಾದರೆ ಚಿತ್ರಾನ್ನ ಎನ್ನುತ್ತಾರೆ.

ಸ್ವಾರಸ್ಯವೆಂದರೆ ಅಕ್ಷರವಾಗಿ ಸೋಲುವ ಅದೇ ನೀಲಿ ಹಿನ್ನೆಲೆಯಾಗಿ ಗೆದ್ದಿದೆ. ಕರ್ನಾಟಕದ ಎಂಜಿನಿಯರಿಂಗ್ ಕಾಲೇಜುಗಳ ಲ್ಯಾಬುಗಳಲ್ಲಿ ಬೋರ್ಲ್ಯಾಂಡ್ ಕಂಪನಿಯ ಟರ್ಬೊ ಸಿ++ ಮುಂದೆ ಕುಳಿತು ಮೊದಲ ಪ್ರೋಗ್ರಾಮು ಬರೆದ ತಲೆಮಾರಿಗೆ ಕಂಪ್ಯೂಟರ್ ಎಂದರೆ ನೀಲಿ ತೆರೆ, ಹಳದಿ ಅಕ್ಷರ. ಆ ಜೋಡಿಯ ಕಾಂಟ್ರಾಸ್ಟ್ 12ಕ್ಕಿಂತ ಹೆಚ್ಚು. 1986ರ ನಾರ್ಟನ್ ಕಮಾಂಡರ್ ನೀಲಿ ಫಲಕದ ಮೇಲೆ ಸಯಾನ್ ಅಕ್ಷರ ಬಳಸಿತು, ಅದೂ 4.6ರಷ್ಟು ಬಂದು 4.5ರ ಗೆರೆ ದಾಟುತ್ತದೆ. 1989ರ ವರ್ಡ್‌ಪರ್ಫೆಕ್ಟ್ 5.1ರಲ್ಲೂ ನೀಲಿಯೇ ಹಾಸು. ಕಣ್ಣಿಗೆ ನೀಲಿ ಹೆಚ್ಚುಕಡಿಮೆ ಕತ್ತಲೆಯಂತೆಯೇ ತೋರುವುದರಿಂದ ಅದರ ಮೇಲೆ ಬಿಳಿ, ಹಳದಿ ಏನಿಟ್ಟರೂ ಎದ್ದು ಕಾಣುತ್ತದೆ. ಟರ್ಬೊ ಸಿ++ ಇಂದಿನ ಕಂಪೈಲರುಗಳ ಮುಂದೆ ಮುದುಕ, ಅದರಲ್ಲೇ ಪಾಠ ಮಾಡುತ್ತಾ ಕೂತದ್ದಕ್ಕೆ ಕಾಲೇಜುಗಳು ಸಾಕಷ್ಟು ಟೀಕೆಯನ್ನೂ ಕೇಳಿವೆ. ಆದರೆ ಬಣ್ಣದ ವಿಷಯದಲ್ಲಿ ಅದಕ್ಕೊಂದು ಅನುಕೂಲವಿತ್ತು. ಅಕ್ಷರವನ್ನೂ ಹಿನ್ನೆಲೆಯನ್ನೂ ಅದೇ ಬಳಿಯುತ್ತಿತ್ತು, ಪಕ್ಕದಲ್ಲಿ ಯಾರ ಥೀಮೂ ಇರುತ್ತಿರಲಿಲ್ಲ.

ಟರ್ಮಿನಲ್ ತಯಾರಕರು ನೀಲಿಯ ಗೋಳನ್ನು ಕೇಳದೆ ಇರಲಿಲ್ಲ. 2017ರಲ್ಲಿ ಮೈಕ್ರೋಸಾಫ್ಟ್ ಎಷ್ಟೋ ವರ್ಷಗಳಿಂದ ಮುಟ್ಟದೆ ಬಿಟ್ಟಿದ್ದ ಕನ್ಸೋಲಿನ ಬಣ್ಣಗಳನ್ನು ಬದಲಿಸಿತು. ಹಳೆಯ ಬಣ್ಣಗಳು ಸಿಆರ್‌ಟಿ ತೆರೆಗಳಿಗೆಂದು ಹುಟ್ಟಿದವು, ಇಂದಿನ ಎಲ್‌ಸಿಡಿಯಲ್ಲಿ ಗಾಢ ಬಣ್ಣಗಳು ಓದಲು ಬರುತ್ತಿಲ್ಲ ಎಂಬುದು ಅದು ಕೊಟ್ಟ ಕಾರಣ. ನೀಲಿಗೆ ಒಂದಿಷ್ಟು ಹಸಿರು ಬೆರೆಸಿ ಎತ್ತಿದರು. ಕಪ್ಪಿನ ಮೇಲೆ 1.3 ಇದ್ದ ಅಂಕ 2.4ರ ಹತ್ತಿರ ಬಂತು. ಉಪಕಾರವೇ ಸರಿ. ಆದರೆ ಆರಂಭದಲ್ಲಿ ಹೇಳಿದ ಹಸಿರು ಪಟ್ಟಿಯ ಮೇಲಿನ ನೀಲಿ ಅಕ್ಷರದ ಲೆಕ್ಕ ಹಾಕಿ ನೋಡಿದರೆ ಹಳೆಯ ಬಣ್ಣಗಳಲ್ಲಿ 3.1 ಇದ್ದದ್ದು ಹೊಸ ಬಣ್ಣಗಳಲ್ಲಿ 2.4ಕ್ಕೆ ಇಳಿದಿದೆ! ನೀಲಿಯನ್ನು ಬೆಳಗಿಸಿದ್ದರಿಂದ ಅದು ಕಪ್ಪಿನಿಂದ ದೂರವಾಯಿತು, ಹಸಿರಿಗೆ ಹತ್ತಿರವಾಯಿತು. 16 ಬಣ್ಣಗಳಲ್ಲಿ ಅಕ್ಷರಕ್ಕೊಂದು ಹಿನ್ನೆಲೆಗೊಂದು ಎಂದು ಆಯ್ದರೆ 240 ಜೋಡಿಗಳಾಗುತ್ತವೆ. ಒಂದು ಬಣ್ಣ ಅಲುಗಿದರೆ ಅದರ 30 ಜೋಡಿಗಳೂ ಅಲುಗುತ್ತವೆ. ಎಲ್ಲವನ್ನೂ ಓದಬಲ್ಲಂತೆ ಮಾಡುವ 16 ಬಣ್ಣಗಳ ಪಟ್ಟಿ ಎಂಬುದು ಲೆಕ್ಕಕ್ಕೇ ಸಿಗದ ವಸ್ತು.

ನೀಲಿಯನ್ನು ಬಹುಕಾಲ ಕಾಪಾಡಿದ್ದು ಒಂದು ಆಕಸ್ಮಿಕ. ‘ಎಲ್‌ಎಸ್’ ಮಾಮೂಲಿ ಫೋಲ್ಡರುಗಳನ್ನು ಬರೀ ನೀಲಿಯಲ್ಲಿ ಅಲ್ಲ, ದಪ್ಪ ನೀಲಿಯಲ್ಲಿ ತೋರಿಸುತ್ತದೆ. ಹಳೆಯ ಪಿಸಿಗಳಲ್ಲಿ ದಪ್ಪ ಅಕ್ಷರ ಮೂಡಿಸುವ ದಾರಿ ಇರಲಿಲ್ಲ, ಅದರ ಬದಲು ಹೊಳಪಿನ ತಂತಿಗೆ ಚಾಲನೆ ಕೊಡುತ್ತಿದ್ದರು. ಹಾಗಾಗಿ 1.6ರ ನೀಲಿ ತಾನಾಗಿಯೇ 4.1ರ ತಿಳಿನೀಲಿಯಾಗುತ್ತಿತ್ತು. ಈಚಿನ ಕೆಲವು ಟರ್ಮಿನಲ್ಲುಗಳು ದಪ್ಪ ಎಂದರೆ ನಿಜಕ್ಕೂ ದಪ್ಪ ಅಕ್ಷರವನ್ನೇ ಮೂಡಿಸಿ ಬಣ್ಣವನ್ನು ಇದ್ದಹಾಗೇ ಬಿಡುತ್ತವೆ. ಶಿಸ್ತಿನ ದೃಷ್ಟಿಯಿಂದ ಅದೇ ಸರಿ. ಫೋಲ್ಡರಿನ ಹೆಸರು ಮಾತ್ರ ಮತ್ತೆ ಕತ್ತಲಿಗೆ ಜಾರಿತು.

ಬಣ್ಣಗಳ ಈ ಅರಾಜಕತೆಗೆ ಬೇಸತ್ತು ಪೂರ್ತಿ ಹೊಸ ಕಟ್ಟುಗಳನ್ನು ರೂಪಿಸಿದವರ ದೊಡ್ಡ ಸಾಲೇ ಇದೆ. ಮಂಕು ಬೂದಿಯ ಮೇಲೆ ಮೆತ್ತನೆಯ ಬಣ್ಣ ಹಾಸಿದ ಜೆನ್‌ಬರ್ನ್, ಗೋಣಿಚೀಲದ ಬಿಸುಪಿರುವ ಗ್ರೂವ್‌ಬಾಕ್ಸ್, ನೇರಳೆ ಛಾಯೆಯ ಡ್ರಾಕುಲಾ, ಹಿಮದ ನಾಡಿನ ನೆನಪು ತರುವ ನಾರ್ಡ್. ಇವುಗಳಲ್ಲಿ ಹೆಚ್ಚು ಚರ್ಚೆಯಾದದ್ದು ಈಥನ್ ಸ್ಕೂನೋವರ್ 2011ರಲ್ಲಿ ಬಿಡುಗಡೆ ಮಾಡಿದ ಸೋಲರೈಸ್ಡ್. ಕಣ್ಣಿಗೆ ತೋರುವ ಬೆಳಕಿನ ಪ್ರಮಾಣವನ್ನೇ ಆಧಾರವಾಗಿಟ್ಟುಕೊಳ್ಳುವ ಲ್ಯಾಬ್ ಎಂಬ ಬಣ್ಣಮಾಪನದಲ್ಲಿ ಅವರು ಎಂಟು ಬೂದುಛಾಯೆ, ಎಂಟು ಬಣ್ಣಗಳನ್ನು ಅಳೆದು ಜೋಡಿಸಿದರು. ಹಿನ್ನೆಲೆಯನ್ನು ಕತ್ತಲಿನಿಂದ ಬೆಳಕಿಗೆ ತಿರುಗಿಸಿದರೂ ಅಕ್ಷರಗಳ ನಡುವಿನ ತಾರತಮ್ಯ ಬದಲಾಗಬಾರದು ಎಂಬುದು ಗುರಿ. ಸುಂದರವಾದ ಕೆಲಸ, ಅದರಲ್ಲಿ ಎರಡು ಮಾತಿಲ್ಲ.

ಆದರೆ ಓದುವುದಕ್ಕೆ? ಕತ್ತಲ ಹಿನ್ನೆಲೆಯಲ್ಲಿ ಅದರ ಮಾಮೂಲಿ ಅಕ್ಷರಕ್ಕೆ 4.75 ಬರುತ್ತದೆ, ಗೆರೆಗಿಂತ ಕೂದಲೆಳೆ ಮೇಲೆ. ಬೆಳಕಿನ ಹಿನ್ನೆಲೆಯಲ್ಲಿ 4.13, ಗೆರೆಗಿಂತ ಕೆಳಗೆ. ಕೋಡಿನ ನಡುವೆ ಬರುವ ಟಿಪ್ಪಣಿಗಳಿಗೆ ಕತ್ತಲಲ್ಲಿ 2.8 ಮಾತ್ರ. ಟಿಪ್ಪಣಿ ಮುಖ್ಯವಲ್ಲ, ಹಿಂದೆ ಸರಿದು ನಿಲ್ಲಲಿ ಎಂಬುದು ಇಂಥ ಹಲವು ಥೀಮುಗಳ ತರ್ಕ. ಬೇರೆಯವರ ಕೋಡನ್ನು ರಾತ್ರಿ ಹನ್ನೊಂದಕ್ಕೆ ತೆರೆದು ‘ಇದನ್ನು ಯಾಕೆ ಹೀಗೆ ಬರೆದಿದ್ದಾರೆ’ ಎಂದು ಹುಡುಕುವವರಿಗೆ ಆ ಟಿಪ್ಪಣಿಯೇ ಮುಖ್ಯ ಎಂಬುದನ್ನು ಈ ತರ್ಕ ಮರೆಯುತ್ತದೆ. ಸೋಲರೈಸ್ಡಿನ ಇನ್ನೊಂದು ತೊಡಕು ಸಂಖ್ಯೆಗಳದು. ಬೂದುಛಾಯೆಗಳಿಗೆ ಜಾಗ ಬೇಕಿದ್ದರಿಂದ ಅದು ‘ಹೊಳಪಿನ’ ಎಂಟು ಖಾನೆಗಳಲ್ಲಿ ಹೆಚ್ಚಿನವನ್ನು ಅವುಗಳಿಗೆ ಕೊಟ್ಟಿತು. ಯಾವುದೋ ಪ್ರೋಗ್ರಾಮು ಯಶಸ್ಸನ್ನು ಸೂಚಿಸಲು ಹೊಳೆವ ಹಸಿರು ಕೇಳಿದರೆ ಬರುವುದು ಬೂದಿ. ‘ಹೊಳೆವ ಕಪ್ಪು’ ಎಂಬ ವಿಚಿತ್ರ ಹೆಸರಿನ ಬೂದುಬಣ್ಣವನ್ನು ಕೇಳಿದರೆ ಬರುವುದು ಕತ್ತಲ ಹಿನ್ನೆಲೆಯದೇ ಬಣ್ಣ. ಪವರ್‌ಶೆಲ್ಲಿನ ಮಜೆಂಟಾದ ಗತಿಯೇ ಇಲ್ಲೂ.

ಸಂಖ್ಯೆಯ ಹಂಗೇ ಬೇಡ, ನಮಗೆ ಬೇಕಾದ ಬಣ್ಣವನ್ನು ನೇರವಾಗಿ ಹೇಳಿಬಿಡೋಣ ಎಂಬ ದಾರಿಯೂ ಈಗ ತೆರೆದಿದೆ. ಎಕ್ಸ್‌ಟರ್ಮ್ 256 ಬಣ್ಣಗಳ ಪಟ್ಟಿ ತಂದಿತು: ಹಳೆಯ 16, ಆರು ಆರು ಆರರಂತೆ ಗುಣಿಸಿದ 216, ಮೇಲೆ 24 ಬೂದುಛಾಯೆ. ಆಮೇಲೆ 1 ಕೋಟಿ 67 ಲಕ್ಷ ಬಣ್ಣಗಳ ‘ಟ್ರೂ ಕಲರ್’ ಬಂತು. ಹೊಸ ತಲೆಮಾರಿನ ಪ್ರೋಗ್ರಾಮುಗಳು ಇದನ್ನು ಕೈತುಂಬ ಬಾಚಿಕೊಂಡವು. ಇಲ್ಲಿ ಮೋಸ ಹೋಗುವುದು ಸುಲಭ. 256ರ ಪಟ್ಟಿಯಲ್ಲಿ 240ನೆಯದು ಒಂದು ಬೂದಿ. ಹೆಚ್ಚು ಮುಖ್ಯವಲ್ಲದ ಮಾಹಿತಿಗೆ ಒಪ್ಪುತ್ತದೆ ಎಂದು ಬಿಳಿ ಹಿನ್ನೆಲೆಯವರು ಆರಿಸುತ್ತಾರೆ, ಅಲ್ಲಿ ಅದರ ಕಾಂಟ್ರಾಸ್ಟ್ 7ಕ್ಕಿಂತ ಹೆಚ್ಚು. ಅದೇ ಬೂದಿ ಕಪ್ಪಿನ ಮೇಲೆ 3ಕ್ಕಿಂತ ಕಡಿಮೆ, ಸೋಲರೈಸ್ಡಿನ ಕತ್ತಲ ಹಾಸಿನ ಮೇಲೆ 2.1. ಕಪ್ಪು ತೆರೆಯ ಮುಂದೆ ಕುಳಿತು ಅಚ್ಚ ಹಳದಿಯನ್ನು ಆರಿಸಿದವರ ಕಥೆ ಇದರ ತಿರುವು. ಅವರಿಗೆ 19.6ರ ಪ್ರಕಾಶ, ಬಿಳಿ ತೆರೆಯವರಿಗೆ 1.07. ಸುಣ್ಣದ ಗೋಡೆಯ ಮೇಲೆ ಸುಣ್ಣದಲ್ಲಿ ಬರೆದ ಹಾಗೆ. ಚೀಟಿಯ ಬದಲು ಸೀರೆಯನ್ನೇ ಕಳಿಸಿದ್ದಾಯಿತು, ಆದರೆ ಉಡುವವರ ರವಿಕೆ ಯಾವುದೆಂದು ವಿಚಾರಿಸಲಿಲ್ಲ.

ಬಿಳಿ ತೆರೆಯವರು ಯಾರಿದ್ದಾರೆ ಎಂದು ಕೇಳುವವರಿದ್ದಾರೆ. ಇದ್ದಾರೆ, ಮತ್ತು ಅವರ ಪರವಾಗಿ ಸಾಕ್ಷ್ಯವೂ ಇದೆ. ಜರ್ಮನಿಯ ಡ್ಯೂಸೆಲ್‌ಡಾರ್ಫಿನಲ್ಲಿ ಆಕ್ಸೆಲ್ ಬುಖ್ನರ್ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಯುವಕರೂ ವೃದ್ಧರೂ ಬೆಳಕಿನ ಹಿನ್ನೆಲೆಯ ಕಪ್ಪು ಅಕ್ಷರವನ್ನೇ ಹೆಚ್ಚು ಚೆನ್ನಾಗಿ ಓದಿದ್ದರು. ತೆರೆ ಬೆಳ್ಳಗಿದ್ದರೆ ಕಣ್ಣಿನ ಪಾಪೆ ಕಿರಿದಾಗುತ್ತದೆ, ಪಾಪೆ ಕಿರಿದಾದರೆ ಬಿಂಬ ಚೂಪಾಗುತ್ತದೆ. ಆಸ್ಟಿಗ್ಮ್ಯಾಟಿಸಂ ಇರುವವರಿಗೆ ಕಪ್ಪಿನ ಮೇಲಿನ ಬಿಳಿ ಅಕ್ಷರದ ಸುತ್ತ ಮಂಜಿನಂತೆ ಬೆಳಕು ಚೆಲ್ಲಿದ ಹಾಗೆ ಕಾಣುವುದೂ ಇದೇ ಪಾಪೆಯ ಆಟದಿಂದ. ಇಷ್ಟಾಗಿಯೂ ಕತ್ತಲೆ ಕೋಣೆಯಲ್ಲಿ ಬಿಳಿ ತೆರೆ ಕಣ್ಣಿಗೆ ಚುಚ್ಚುತ್ತದೆ ಎನ್ನುವವರ ಅನುಭವ ಸುಳ್ಳಲ್ಲ. ಇಬ್ಬರೂ ಒಂದೇ ಪ್ರೋಗ್ರಾಮನ್ನು ಬಳಸುತ್ತಾರೆ ಎಂಬುದಷ್ಟೇ ಇಲ್ಲಿ ಮುಖ್ಯ.

ಇನ್ನು ಬಣ್ಣಗಳ ನಡುವಿನ ಭೇದವೇ ಕಾಣದವರು. ಉತ್ತರ ಯುರೋಪ್ ಮೂಲದ ಗಂಡಸರಲ್ಲಿ ಸುಮಾರು ಶೇ 8ರಷ್ಟು ಮಂದಿಗೆ ಕೆಂಪು ಹಸಿರುಗಳ ಗುರುತಿಸುವಿಕೆಯಲ್ಲಿ ತೊಡಕಿದೆ. ಪ್ರೋಗ್ರಾಮರುಗಳ ಲೋಕ ಮಾತ್ರ ಅಳಿಸಿದ್ದಕ್ಕೆ ಕೆಂಪು, ಸೇರಿಸಿದ್ದಕ್ಕೆ ಹಸಿರು ಎಂಬುದನ್ನು ವೇದವಾಕ್ಯ ಮಾಡಿಕೊಂಡಿದೆ. ಕೋಡಿನ ಬದಲಾವಣೆಗಳ ಲೆಕ್ಕವಿಡುವ ‘ಗಿಟ್’ ಕೂಡ ಹಾಗೆಯೇ ತೋರಿಸುತ್ತದೆ, ಆದರೆ ಅದು ಸಾಲಿನ ಆರಂಭದಲ್ಲಿ ಕಳೆಯುವ, ಕೂಡುವ ಚಿಹ್ನೆಗಳನ್ನೂ ಇಡುವುದರಿಂದ ಬಣ್ಣ ಕಾಣದವರೂ ಬಚಾವು. ಅದೇ ಗಿಟ್‌ನಲ್ಲಿ ಪದಪದಗಳ ವ್ಯತ್ಯಾಸವನ್ನು ಬಣ್ಣದಲ್ಲೇ ತೋರಿಸು ಎಂದರೆ ಚಿಹ್ನೆಗಳು ಮಾಯವಾಗುತ್ತವೆ, ಯಾವ ಪದ ಹೋಯಿತು ಯಾವುದು ಬಂತು ಎಂಬುದು ಕೆಲವರಿಗೆ ಒಗಟಾಗುತ್ತದೆ. ಜಪಾನಿನ ಮಸಾತಾಕಾ ಒಕಾಬೆ ಮತ್ತು ಕೆಯ್ ಇತೊ 2002ರಲ್ಲೇ ಎಲ್ಲರೂ ಬೇರ್ಪಡಿಸಿ ಕಾಣಬಹುದಾದ ಎಂಟು ಬಣ್ಣಗಳ ಗುಂಪೊಂದನ್ನು ಮುಂದಿಟ್ಟಿದ್ದರು. ಅದೇ ಜಾಡಿನಲ್ಲಿ, ಪ್ರೊಟೆಸಿಲಾವೋಸ್ ಸ್ಟಾವ್ರೂ ರೂಪಿಸಿ 2022ರ ಇಮ್ಯಾಕ್ಸ್ 28 ಎಂಬ ಸಂಪಾದಕ ತಂತ್ರಾಂಶದ ಒಳಗೇ ಸೇರಿಕೊಂಡ ‘ಮೋಡಸ್’ ಥೀಮುಗಳು ಸಾಮಾನ್ಯ ಅಕ್ಷರಕ್ಕೆ 7ರ ಕಾಂಟ್ರಾಸ್ಟನ್ನೇ ಕನಿಷ್ಠ ಎಂದು ಹಿಡಿದಿವೆ. ಹಸಿರು ಕಾಣದವರಿಗೆಂದು ಕೆಂಪು ಹಸಿರಿನ ಬದಲು ಹಳದಿ ನೀಲಿ ಬಳಸುವ ಅವತರಣಿಕೆಯೂ ಅದರಲ್ಲಿದೆ. ನೋಡಲು ನಾರ್ಡಿನಷ್ಟು ಚೆಲುವಲ್ಲ. ಓದುತ್ತಾ ಕುಳಿತ ಮೂರನೆಯ ಗಂಟೆಯಲ್ಲಿ ಅದರ ಬೆಲೆ ತಿಳಿಯುತ್ತದೆ.

ಹೀಗಿರುವಾಗ ಅಕ್ಷರಗಳ ಪ್ರೋಗ್ರಾಮು ಬರೆಯುವವರು ಏನು ಮಾಡಬೇಕು? ಅನುಭವಿಗಳ ನಡೆ ನೋಡಿದರೆ ಅವರು ಮಾಡುವುದಕ್ಕಿಂತ ಬಿಡುವುದೇ ಹೆಚ್ಚು. ಮುಖ್ಯ ಪಠ್ಯಕ್ಕೆ ಅವರು ಬಣ್ಣವನ್ನೇ ಹೇಳುವುದಿಲ್ಲ. ಟರ್ಮಿನಲ್ಲಿನ ಮೂಲ ಅಕ್ಷರ, ಮೂಲ ಹಿನ್ನೆಲೆ ಏನಿದೆಯೋ ಅದೇ ಇರಲಿ ಎನ್ನುತ್ತಾರೆ, ಏಕೆಂದರೆ ಆ ಒಂದು ಜೋಡಿಯನ್ನು ಓದಲು ಬರುತ್ತದೆ ಎಂದು ಬಳಕೆದಾರರು ಆಗಲೇ ಒಪ್ಪಿಕೊಂಡಾಗಿದೆ. ಒಂದು ಸಾಲು ಎದ್ದು ಕಾಣಬೇಕಾದರೆ ದಪ್ಪ ಅಕ್ಷರ, ಅಡಿಗೆರೆ, ಇಲ್ಲವೇ ಅಕ್ಷರ ಹಿನ್ನೆಲೆಗಳನ್ನು ಅದಲುಬದಲು ಮಾಡುವ ವಿಟಿ100 ಕಾಲದ ಉಪಾಯ. ಬಣ್ಣ ಬೇಕೇಬೇಕೆಂದರೆ ಎರಡೋ ಮೂರೋ, ಜೊತೆಗೆ ‘ತಪ್ಪು’ ಎಂಬ ಪದವೋ ಚಿಹ್ನೆಯೋ ಇದ್ದೇ ಇರುತ್ತದೆ. ಹಿನ್ನೆಲೆಯನ್ನು ಮುಟ್ಟುವುದಾದರೆ ಅಕ್ಷರದ ಬಣ್ಣವನ್ನೂ ಕೂಡಿಯೇ ನಿಗದಿ ಮಾಡುತ್ತಾರೆ, ಟರ್ಬೊ ಸಿ++ ಮಾಡಿದಂತೆ. ಅರ್ಧಕ್ಕೆ ಬಿಟ್ಟರೆ ಇನ್ನರ್ಧ ಯಾರ ಥೀಮಿನಿಂದ ಬರುತ್ತದೋ ಹೇಳಲಾಗದು.

ಬಣ್ಣವೇ ಬೇಡ ಎನ್ನುವವರ ಹಕ್ಕಿಗೂ ಒಂದು ದಾರಿಯಿದೆ. ‘ನೋ ಕಲರ್’ ಎಂಬ ಹೆಸರಿನ ಒಂದು ಪರಿಸರ ಚರಾಂಶವನ್ನು ಬಳಕೆದಾರರು ಇಟ್ಟಿದ್ದರೆ ಬಣ್ಣ ಹಾಕಬೇಡಿ ಎಂಬ ಸಲಹೆ 2017ರಲ್ಲಿ ಹೊರಟು, ಈಗ ನೂರಾರು ಪ್ರೋಗ್ರಾಮುಗಳು ಅದನ್ನು ಪಾಲಿಸುತ್ತಿವೆ. ಬಣ್ಣದ ಸಂಖ್ಯೆಗಳನ್ನು ತೆರೆಗೆ ಕಳಿಸುತ್ತಿದ್ದೇವೋ ಫೈಲಿಗೋ ಎಂದು ನೋಡಿಕೊಳ್ಳುವುದೂ ಹಳೆಯ ಶಿಷ್ಟಾಚಾರ. ಅದನ್ನು ಮರೆತ ಪ್ರೋಗ್ರಾಮಿನ ವರದಿಯನ್ನು ಫೈಲಿನಲ್ಲಿ ತೆರೆದರೆ ಪ್ರತಿ ಪದದ ಆಚೀಚೆ ಕಂಸ, ಅಂಕಿಗಳು ಇರುವೆಗಳಂತೆ ಮುತ್ತಿರುತ್ತವೆ. ಇನ್ನು ತಾವು ಆರಿಸಿದ ಬಣ್ಣಗಳ ಪರೀಕ್ಷೆಗೆ ದುಬಾರಿ ಸಲಕರಣೆ ಏನೂ ಬೇಕಿಲ್ಲ. ತೆರೆಯ ಚಿತ್ರ ತೆಗೆದು ಕಪ್ಪುಬಿಳುಪಿಗೆ ಇಳಿಸಿದರೆ ಯಾವ ಪದ ಮುಳುಗುತ್ತದೆ ಎಂಬುದು ಅರೆಗಳಿಗೆಯಲ್ಲಿ ಗೊತ್ತಾಗುತ್ತದೆ.

ಓದುವವರ ಪರವಾಗಿ ಟರ್ಮಿನಲ್ಲೇ ಮಧ್ಯೆ ಬರುವುದೂ ಶುರುವಾಗಿದೆ. ಮ್ಯಾಕ್ ಬಳಕೆದಾರರ ಐಟರ್ಮ್2ರಲ್ಲಿ ಕನಿಷ್ಠ ಕಾಂಟ್ರಾಸ್ಟನ್ನು ಏರಿಸಿ ಇಳಿಸುವ ಪಟ್ಟಿಯಿದೆ. ಕೋಡ್ ಬರೆಯುವ ತಂತ್ರಾಂಶವಾದ ವಿಎಸ್ ಕೋಡಿನ ಟರ್ಮಿನಲ್ ಇನ್ನೂ ಮುಂದೆ ಹೋಗಿ, ಯಾರೂ ಕೇಳದಿದ್ದರೂ 4.5ರ ಗೆರೆಯನ್ನು ತಾನೇ ಜಾರಿ ಮಾಡುತ್ತದೆ. ಪ್ರೋಗ್ರಾಮು ಕೇಳಿದ ಬಣ್ಣ ಹಿನ್ನೆಲೆಯಲ್ಲಿ ಕರಗುವಂತಿದ್ದರೆ ಅದನ್ನು ಬೆಳಗಿಸಿಯೋ ಕಪ್ಪಾಗಿಸಿಯೋ ಓದಲು ಬರುವಂತೆ ತಿದ್ದುತ್ತದೆ. ತಾವು ಕಷ್ಟಪಟ್ಟು ಹೊಂದಿಸಿದ ಬಣ್ಣ ಬದಲಾಗುತ್ತಿದೆಯಲ್ಲ ಎಂದು ಥೀಮ್ ಕಲಾವಿದರು ಮುನಿಸಿಕೊಳ್ಳುತ್ತಾರೆ. ಮುನಿಸಿಗೆ ಅರ್ಥವಿದೆ, ಆದರೆ ಓದುಗರ ಪಕ್ಷವೇ ಇಲ್ಲಿ ಸರಿ.

ಕನ್ನಡದವರಿಗೆ ಈ ತೆರೆಯಲ್ಲಿ ಇನ್ನೊಂದು ತಕರಾರಿದೆ. ಟರ್ಮಿನಲ್ ಎಂದರೆ ಸಮಾನ ಚೌಕಗಳ ಹಾಳೆ, ಒಂದು ಚೌಕಕ್ಕೆ ಒಂದು ಅಕ್ಷರ. ಒತ್ತು, ಕೊಂಬು, ದೀರ್ಘಗಳು ಸುತ್ತ ಹರಡಿಕೊಳ್ಳುವ ನಮ್ಮ ಲಿಪಿ ಆ ಚೌಕಕ್ಕೆ ಒಗ್ಗುವುದಿಲ್ಲ. ಡಾಸ್ ಕಾಲದಲ್ಲಿ ಪುಣೆಯ ಸಿ-ಡ್ಯಾಕ್‌ನ ಜಿಸ್ಟ್ ಕಾರ್ಡನ್ನು ಪಿಸಿಯೊಳಗೆ ಸಿಕ್ಕಿಸಿ ಭಾರತೀಯ ಲಿಪಿಗಳನ್ನು ಅಕ್ಷರದ ತೆರೆಯ ಮೇಲೆ ತರಲಾಗಿತ್ತು. ಯೂನಿಕೋಡ್ ಬಂದ ಮೇಲೂ ಬಹಳಷ್ಟು ಟರ್ಮಿನಲ್ಲುಗಳಲ್ಲಿ ‘ರಾಷ್ಟ್ರ’ ಎಂದು ಬರೆದರೆ ಒತ್ತಕ್ಷರ ಬಿಡಿಬಿಡಿಯಾಗಿ ಬೀಳುತ್ತದೆ. ಬಿದ್ದ ಒತ್ತು ತೀರ ಸಣ್ಣದು, ಗೆರೆ ತೆಳ್ಳಗಿನದು. ಇಂಗ್ಲಿಷಿನ ಅಕ್ಷರ 4.5ರಲ್ಲಿ ಹೇಗೋ ನಿಭಾಯಿಸಿದರೆ ಚೌಕದ ಮೂಲೆಗೆ ಮುದುಡಿದ ಒತ್ತಿಗೆ ಅದು ಸಾಲುವುದಿಲ್ಲ.

ಹಸಿರಿನ ಮೇಲಿನ ಆ ನೀಲಿಗೆ ಪರಿಹಾರವಂತೂ ಒಂದೇ ಸಾಲಿನದು. ‘ಎಲ್‌ಎಸ್’ ತನ್ನ ಬಣ್ಣಗಳ ಪಟ್ಟಿಯನ್ನು ಓದುವ ಜಾಗದಲ್ಲಿ, ಎಲ್ಲರೂ ಬರೆಯಬಹುದಾದ ಫೋಲ್ಡರಿನ ಎದುರು ಇರುವ 34 ಮತ್ತು 42ನ್ನು ತೆಗೆದು, ಅದೇ ಹಸಿರಿನ ಮೇಲೆ ಕಪ್ಪು ಬರುವಂತೆ 30 ಮತ್ತು 42 ಎಂದು ಬರೆದರೆ ಮುಗಿಯಿತು. ವಿಂಡೋಸಿನ ಹೊಸ ಬಣ್ಣಗಳಲ್ಲಿ ಕಾಂಟ್ರಾಸ್ಟ್ ದುಪ್ಪಟ್ಟು ದಾಟುತ್ತದೆ, ಹೆಸರು ಓದಲು ಬರುತ್ತದೆ. ಸಾವಿರಾರು ಮಂದಿ ಈ ಸಾಲನ್ನು ತಮ್ಮ ಕಂಪ್ಯೂಟರಿನಲ್ಲಿ ತಿದ್ದಿಕೊಂಡು ನೆಮ್ಮದಿಯಾಗಿದ್ದಾರೆ. ಮರುದಿನ ಕಚೇರಿಯ ಹೊಸ ಸರ್ವರಿಗೆ ಲಾಗಿನ್ ಆಗಿ ‘ಎಲ್‌ಎಸ್’ ಒತ್ತುವವರೆಗೆ.